ಪಾವಗಡದ ಫೋಲ್ಡರು

ರುದ್ರಣ್ಣಾ,

ಮಧುಗಿರಿಯ ನಮ್ಮ ಡಿಟಿಪಿ ಅಂಗಡಿಗೆ ಸೇರಿದ ದಿನ ನಿಮ್ಮ ಕಂಪ್ಯೂಟರಿನ ಮೆನು ನೋಡಿ ನನಗೆ ಒಳಗೊಳಗೇ ಕಿರಿಕಿರಿಯಾಗಿತ್ತು. ಉಳಿದ ಕಂಪ್ಯೂಟರುಗಳಲ್ಲಿ ಆಫೀಸು, ಚಿತ್ರ, ಇಂಟರ್ನೆಟ್ ಎಂದು ಫೋಲ್ಡರುಗಳಿದ್ದರೆ ನಿಮ್ಮದರಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಲಗ್ನಪತ್ರಿಕೆ ಮಾಡಿಸಲು ಬಂದವರನ್ನು ಯಾವ ಕಡೆಯವರೆಂದು ಕೇಳಿ ಆ ಊರಿನ ಫೋಲ್ಡರು ತೆರೆಯುತ್ತಿದ್ದಿರಿ. ಪಾವಗಡದ್ದರಲ್ಲಿ ತೆಲುಗು ಟೈಪಿಂಗ್, ಶಿರಾದ್ದರಲ್ಲಿ ಉರ್ದು. ಪುಟ ಜೋಡಿಸುವ ತಂತ್ರಾಂಶ ಮಾತ್ರ ನಾಲ್ಕರಲ್ಲೂ ಇತ್ತು. ಒಂದೇ ವಸ್ತು ನಾಲ್ಕು ಕಡೆ ಯಾಕೆ ಎಂದು ಕೇಳಿದೆ. “ಗಿರಾಕಿ ನಾಲ್ಕು ಕಡೆಯಿಂದ ಬತ್ತಾರಲ್ಲಮ್ಮ” ಅಂದಿರಿ.

ಊಟದ ಹೊತ್ತಿಗೆ ನಾನು ಯಾವುದಾದರೂ ಅನುವಾದದ ಕಾದಂಬರಿ ಹಿಡಿದು ಕೂತರೆ ನೀವು ಸುಮ್ಮನಿರುತ್ತಿರಲಿಲ್ಲ. “ಇವತ್ತು ಯಾವ ದೇಶದಲ್ಲಿದ್ದೀಯ ಸುಧಮ್ಮ? ವಾಪಸ್ ಬರಾಕೆ ಬಸ್ಸು ಐತಾ?” ನಾನು ತಲೆ ಎತ್ತುತ್ತಿರಲಿಲ್ಲ. ನಗು ಬರುತ್ತಿತ್ತು ಎಂದು ಒಮ್ಮೆಯಾದರೂ ತೋರಿಸಿದ್ದರೆ...

ನೀವು ಟೈಫಾಯಿಡ್ ಎಂದು ಮಲಗಿದಾಗ ನಿಮ್ಮ ಕಂಪ್ಯೂಟರು ನನ್ನ ಕೈಗೆ ಬಂತು. ಕೆಲಸವಿಲ್ಲದ ಒಂದು ಮಧ್ಯಾಹ್ನ ಮೆನು ಎಡಿಟರ್ ತೆರೆದು ನಾಲ್ಕು ಊರುಗಳನ್ನೂ ಅಳಿಸಿದೆ. ತಂತ್ರಾಂಶಗಳನ್ನೆಲ್ಲ ಅವುಗಳ ಜಾತಿಗೆ ತಕ್ಕಂತೆ ಒಂದೊಂದೇ ಜಾಗದಲ್ಲಿಟ್ಟೆ. ಎಷ್ಟು ಸಮಾಧಾನವಾಗಿತ್ತು ಗೊತ್ತೇ? ನಿಮಗೊಂದು ಚೀಟಿ ಬರೆದು ಅಂಟಿಸಬೇಕೆಂದು ಮಾತ್ರ ಹೊಳೆಯಲಿಲ್ಲ.

ನೀವು ಮರಳಿ ಬಂದ ದಿನ ಪಾವಗಡದ ಕಡೆಯ ರಾಯಚರ್ಲಿನಿಂದ ಒಬ್ಬರು ಮಗಳ ಲಗ್ನಪತ್ರಿಕೆಗೆ ಬಂದಿದ್ದರು. ಕನ್ನಡ, ತೆಲುಗು ಎರಡರಲ್ಲೂ ಬೇಕಿತ್ತು. ನೀವು ಮೆನು ತೆರೆದಿರಿ, ಮುಚ್ಚಿದಿರಿ, ಮತ್ತೆ ತೆರೆದಿರಿ. “ಪಾವಗಡ ಇಲ್ಲೇ ಇತ್ತಲ್ಲಾ?” ಎಂದು ನಿಮ್ಮಷ್ಟಕ್ಕೇ ಅಂದಿರಿ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಗಿರಾಕಿ ಹೋಗಲಿ, ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಮಾಲೀಕರು ಬಂದು, ಜ್ವರ ತಲೆಗೇರಿರಬೇಕು ಎಂದು ನಕ್ಕರು. ನೀವೂ ನಕ್ಕಿರಿ. “ನಂದು ಮುಗೀತು ಕಣಮ್ಮ, ಎಲ್ಲಾ ಮರ್ತ್ಬುಟ್ಟಿವ್ನಿ.” ಆಗ ಹೇಳಿದ್ದರೆ ಮಾಲೀಕರು ನನ್ನ ಮೇಲೆ ರೇಗುತ್ತಿದ್ದರು, ಅಷ್ಟೇ. ಅಷ್ಟಕ್ಕೇ ಹೆದರಿದೆನೇ?

ಮರುದಿನದಿಂದ ನೀವು ಬರಲಿಲ್ಲ. ಒಂದು ಭಾನುವಾರ ಹೇಳಿಯೇ ಬಿಡಬೇಕೆಂದು ಚನ್ನರಾಯನದುರ್ಗದ ನಿಮ್ಮ ಮನೆಗೆ ಬಂದೆ. ನೀವು ಜಗಲಿಯಲ್ಲಿ ಕೂತು, ಮಾತ್ರೆ ನುಂಗಿದೆನೋ ಇಲ್ಲವೋ ಎಂದು ನಿಮ್ಮ ಮನೆಯವರಾದ ಗಿರಿಜಕ್ಕನನ್ನು ಎರಡು ಸಲ ಕೇಳಿದಿರಿ. ಅದನ್ನು ಕಂಡ ಮೇಲೆ ಹೇಳದೆಯೇ ಎದ್ದು ಬಂದೆ. ನಿಜಕ್ಕೂ ಮರೆವಿರಬಹುದು, ನನ್ನದೇನೂ ತಪ್ಪಿಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಎರಡು ತಿಂಗಳಿಗೆ ನಿಮ್ಮ ಎದೆಬಡಿತ ನಿಂತಿತು. ಶಿವಗಣಾರಾಧನೆಯ ಪತ್ರಿಕೆಯನ್ನು ನಾನೇ ಜೋಡಿಸಿದೆ, ನಿಮ್ಮದೇ ಕಂಪ್ಯೂಟರಿನಲ್ಲಿ.

ನಿನ್ನೆ ಗಿರಿಜಕ್ಕನಿಗೆ ಎಲ್ಲ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. “ಅಂಗಡಿ ಬಿಟ್ಮೇಲೆ, ದಾರಿ ಮರೀತಾರೆ ಅಂತ ಮೊಮ್ಮಗಳನ್ನ ಅವರ ಗಾಡೀಲಿ ಸ್ಕೂಲಿಗೆ ಕಳುಸ್ತಿರ್ಲಿಲ್ಲ ಕಣಮ್ಮ” ಅಂದರು. “ದಿನಾ ಬೀಗದ ಕೈ ಕೇಳೋರು. ನಾನು ಬಚ್ಚಿಡ್ತಿದ್ದೆ.” ಕ್ಷಮಿಸಿ ಎಂದೆ. ನಾನು ಎದ್ದಾಗ ಅವರು, “ನಂಗೆ ಹೇಳಿದ್ದು ಆಯ್ತು. ಅಂಗಡೀಲಿ ನಕ್ಕೋರಿಗೆ ಹೇಳಿದ್ಯಾ?” ಎಂದು ಕೇಳಿದರು.

ಇಲ್ಲ, ಅಣ್ಣ. ಇನ್ನೂ ಹೇಳಿಲ್ಲ. ನಾಳೆ ಸೋಮವಾರ. ಮಾಲೀಕರು ಗಲ್ಲಾದಲ್ಲಿ ಕೂತಿರುವಾಗ, ಗಿರಾಕಿಗಳು ನಿಂತಿರುವಾಗಲೇ ಹೇಳುತ್ತೇನೆ: ರುದ್ರಣ್ಣ ಏನನ್ನೂ ಮರೆತಿರಲಿಲ್ಲ, ಅಳಿಸಿದವಳು ನಾನು ಎಂದು.

ಸುಧಾ