ಕ್ಷೇಮ ವಿಚಾರಿಸುವವಳು

೯ ಜುಲೈ, ಬುಧವಾರ

ಪ್ರೀತಿಯ ಅಕ್ಕನಿಗೆ,

ನಾವು ಚೆನ್ನಾಗಿದ್ದೀವಿ, ನೀವೂ ಚೆನ್ನಾಗಿದ್ದೀರಿ ಅಂದ್ಕೊಂಡಿದ್ದೀನಿ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೀಲಿಲ್ಲ ಅಂತ ಸಿಟ್ಟು ಮಾಡ್ಕೋಬೇಡ. ಬರೆಯೋಕೆ ಕೂತರೆ ಕಣ್ಣು ಎಳೀತಿತ್ತು, ಅದೇ ನಿಜ.

ನೀನು ಕೇಳಿದ್ದಕ್ಕೆ ಮೊದಲು ಹೇಳಿಬಿಡ್ತೀನಿ. ಮಗಳನ್ನ ನಿನ್ನ ಹತ್ತಿರ ಕಳಿಸಲ್ಲ. "ನಿನ್ನ ಗಂಡನಿಗೆ ಬೇರೆ ಊರಿಗೆ ವರ್ಗ ಆಗಿದೆ, ನಿನಗೆ ಪೊಲೀಸ್ ಡ್ಯೂಟಿ, ಆ ಮಗು ಒಂಟಿ, ಒಂದು ವರ್ಷ ಇಲ್ಲೇ ಓದಲಿ" ಅಂತ ಬರೆದಿದ್ದೀಯ. ನಿನ್ನ ಪ್ರೀತಿ ನನಗೆ ಗೊತ್ತು. ಆದರೆ ಅವಳಿಗೆ ಇಲ್ಲಿ ಏನು ಕಡಿಮೆಯಾಗಿದೆ ಹೇಳು? ಹನ್ನೆರಡು ವರ್ಷದವಳು, ತಾನೇ ಬೀಗ ತೆಗೆದು, ಉಂಡು, ತಟ್ಟೆ ತೊಳೆದಿಟ್ಟು ಓದ್ತಾ ಕೂತಿರ್ತಾಳೆ. ಒಂದು ದಿನ ಒಂದು ದೂರು ಹೇಳಿದವಳಲ್ಲ.

ನನ್ನನ್ನ ಈಗ ಠಾಣೆಯಿಂದ ಪೊಲೀಸರ ಕುಟುಂಬ ಕ್ಷೇಮ ವಿಭಾಗಕ್ಕೆ ಹಾಕಿದ್ದಾರೆ. ಪೊಲೀಸರ ಮನೆಮನೆಗೆ ಹೋಗಿ "ಹೇಗಿದ್ದೀರಿ, ನಿದ್ದೆ ಬರುತ್ತಾ, ಮನೆಯವರು ಸಿಡುಕ್ತಾರಾ" ಅಂತ ಕೇಳಬೇಕು. ಮೊದಲನೇ ದಿನವೇ ಎಡವಟ್ಟು. ಯೂನಿಫಾರ್ಮ್ ಹಾಕ್ಕೊಂಡು, ಫೈಲ್ ಹಿಡ್ಕೊಂಡು, ಜೊತೆಗೊಬ್ಬ ಕಾನ್‌ಸ್ಟೆಬಲ್‌ನ ಕರ್ಕೊಂಡು ಬಾಗಿಲು ತಟ್ಟಿದೆ. ನಮ್ಮನ್ನ ನೋಡಿದ್ದೇ ತಡ, ಬಾಗಿಲು ತೆಗೆದ ಹೆಂಗಸು "ಅಯ್ಯೋ, ಏನಾಯ್ತು ಇವರಿಗೆ? ಯಾವ ಆಸ್ಪತ್ರೆ?" ಅಂತ ಗೋಡೆಗೆ ಒರಗಿ ಕುಸಿದುಬಿಟ್ಟಳು. ಪೊಲೀಸರ ಮನೆಗೆ ಇಬ್ಬರು ಒಟ್ಟಿಗೆ ಬಂದರೆ ಅದೇ ಸುದ್ದಿ ತಾನೇ. ಹದಿನಾರು ವರ್ಷ ಸರ್ವೀಸ್ ಮಾಡಿ ನಾನು ಏನು ಮಣ್ಣು ಕಲಿತೆನೋ! ಈಗ ಗೇಟಿಂದಲೇ "ಎಲ್ಲಾ ಚೆನ್ನಾಗಿದ್ದಾರೆ, ಎಲ್ಲಾ ಚೆನ್ನಾಗಿದ್ದಾರೆ" ಅಂತ ತರಕಾರಿ ಮಾರೋಳ ಥರ ಕೂಗ್ಕೊಂಡು ಹೋಗ್ತೀನಿ.

ಆಮೇಲೆ ಅವರು ಬಾಯಿ ಬಿಟ್ಟರೆ ನಿಲ್ಲಿಸೋದೇ ಇಲ್ಲ. ಒಬ್ಬಳ ಗಂಡ ಆರು ತಿಂಗಳಿಂದ ಶೂ ಕೂಡ ಬಿಚ್ಚದೆ ಸೋಫಾ ಮೇಲೇ ಮಲಗ್ತಾನಂತೆ. ಇನ್ನೊಬ್ಬಳ ಅತ್ತೆ ನನ್ನ ಕೈ ಹಿಡ್ಕೊಂಡು, "ಈ ಮನೇಲಿ ನನ್ನನ್ನ ಹೇಗಿದ್ದೀಯ ಅಂತ ಕೇಳಿದವಳು ನೀನೇ ಮೊದಲು ಕಣಮ್ಮ" ಅಂದರು. ದಿನಕ್ಕೆ ಏಳು ಮನೆ. ಅಷ್ಟೂ ಕೇಳಿಸ್ಕೊಂಡು ಮನೆ ಸೇರೋ ಹೊತ್ತಿಗೆ ನನ್ನ ಬಾಯಲ್ಲಿ ಒಂದು ಮಾತೂ ಉಳಿದಿರಲ್ಲ. ಸಾಕಾಗಿದೆ ಅಕ್ಕ, ನಿಜವಾಗ್ಲೂ ಸಾಕಾಗಿದೆ. ಆದರೂ ಮಗಳ ವಿಷಯ ಮತ್ತೆ ಎತ್ತಬೇಡ. ತಾಯಿ ಗಟ್ಟಿಯಾಗಿರುವಾಗ ಮಗುನ ಇನ್ನೊಬ್ಬರ ಮನೇಲಿ ಯಾಕೆ ಬಿಡಬೇಕು?

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳಿಗೆ ಆಶೀರ್ವಾದ, ನೂರು ಕಾಲ ನಗುನಗ್ತಾ ಇರಲಿ.

ನಿನ್ನ
ಸಣ್ಣಿ

ತಾ.ಕ.: ಗುರುವಾರ. ಪತ್ರ ಅಂಚೆಗೆ ಹಾಕೋ ಮೊದಲು ಇದನ್ನ ಬರೀಲೇಬೇಕು. ಸಹಾಯ ಬೇಕಾದ ಮನೆಯವರು ನಮ್ಮ ವಿಭಾಗಕ್ಕೆ ಅರ್ಜಿ ಕಳಿಸ್ತಾರೆ. ಇವತ್ತು ಬೆಳಗ್ಗೆ ನನ್ನ ಮೇಜಿಗೆ ಬಂದ ಮೂರರಲ್ಲಿ ಒಂದರ ವಿಳಾಸ ನಮ್ಮ ಮನೇದು. ಅಕ್ಷರ ಮಗಳದು. ಸಹಾಯ ಯಾರಿಗೆ ಅನ್ನೋ ಕಡೆ "ಅಮ್ಮನಿಗೆ" ಅಂತ ಬರೆದಿದ್ದಾಳೆ. ಕೆಳಗೆ: "ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ. ನಾನು ಕೇಳಿದ್ರೆ ಏನಿಲ್ಲ ಅಂತಾಳೆ. ದೊಡ್ಡವರು ಯಾರಾದರೂ ಬಂದು ಕೇಳಿ. ನಾನು ಹೇಳಿದ್ದು ಅಂತ ಮಾತ್ರ ಹೇಳಬೇಡಿ."

ಭೇಟಿಗೆ ಹೋಗಬೇಕಾದವರು ಅಂತ ಅದರ ಮೇಲೆ ನನ್ನ ಹೆಸರೇ ಬಿದ್ದಿದೆ. ಅವಳನ್ನ ಕಳಿಸಲ್ಲ ಅಕ್ಕ, ನೀನೇ ಬಾ. ಬಂದು ನನ್ನನ್ನ ಕೇಳು. ಏನಿಲ್ಲ ಅಂದರೆ ಬಿಡಬೇಡ.