ಹಿಡಿಯಲ್ಲಿನ ಗುಳಿ

ನಾಸಿಕ, 1968

ಅಪ್ಪಯ್ಯ,

ನೀವು ತೀರಿಹೋದ ಮೇಲೆ ಮೊದಲ ಸಲ ನಿಮ್ಮ ಕಾಡುಗತ್ತಿಯನ್ನು ಇವತ್ತು ಇಲ್ಲೇ ಕುಲುಮೆ ಹಾಕಿರುವ ಬೀದರದ ಕಮ್ಮಾರ ರೇವಣಪ್ಪನಿಗೆ ತೋರಿಸಿದೆ. ನಿಮ್ಮ ಹರೆಯದಲ್ಲಿ ಅಜ್ಜ ಮಾಡಿಸಿಕೊಟ್ಟದ್ದು. ಗಿಳಿಮೂಗಿನಂಥ ತುದಿ, ಭಾರವೆಲ್ಲ ಮುಂದಕ್ಕೆ. ಅವನು ಅಲಗಿನ ಮೇಲೆ ಬೆರಳಾಡಿಸಿ, "ಶೇಟ್, ಇಂಥಾ ಕೊಯ್ತಾ ಈಗ ಎಲ್ಲೂ ಸಿಗಂಗಿಲ್ರಿ. ಒಂದೇ ಮಗ್ಗಲಿಗೆ ಸಾಣಿ ಅದ. ಎಡಚರಿಗಂತ ಮಾಡ್ಯಾರ" ಎಂದ.

ಎಡಗೈಗೆ ತೆಗೆದುಕೊಂಡೆ. ಹಿಡಿಯಲ್ಲಿ ನಿಮ್ಮ ಹೆಬ್ಬೆರಳು ಸವೆಸಿದ ಗುಳಿಯಲ್ಲಿ ನನ್ನದು ಸರಿಯಾಗಿ ಕೂತಿತು. ಒಂದೇ ಏಟಿಗೆ ಕೊರಡು ಎರಡಾಯಿತು. ಇಷ್ಟು ವರ್ಷ ಬಲಗೈಯಲ್ಲಿ ಬೀಸಿ, ಅದು ಜಾರಿದಾಗಲೆಲ್ಲ ನಿಮ್ಮಿಂದ ಬೈಸಿಕೊಂಡೆನಲ್ಲ!

ಅಜ್ಜ ನಿಮ್ಮ ಎಡಗೈ ನೋಡಿ ಕತ್ತಿ ಮಾಡಿಸಿದರು. ನೀವು ನನ್ನ ಎಡಗೈ ನೋಡಿ ಸೌಟಿನಿಂದ ಬಾರಿಸಿದಿರಿ. "ಹೋಟೆಲಲ್ಲಿ ಎಡಗೈಲಿ ಬಡಿಸಿದ್ರೆ ಯಾರು ಉಣ್ತಾರೆ?" ಎಂದಿರಿ. ನೀವು ಎಡಗೈ ಬಳಸಿದ್ದನ್ನು ನಾನೆಂದೂ ಕಂಡಿರಲಿಲ್ಲ. ನೀವೂ ಎಡಚರೆಂದು ಒಂದು ಮಾತು ಹೇಳಬಾರದಿತ್ತೇ?

ಊಟದ ಹೊತ್ತಾಯಿತು, ಗಿರಾಕಿಗಳು ಕೂತಿದ್ದಾರೆ. ಬಲಗೈಯಲ್ಲೇ ಬಡಿಸುತ್ತೇನೆ, ಬಿಡಿ.