ತುಂಬಿದ ನೋಟ್‌ಬುಕ್, ಓದದ ಪುಸ್ತಕ

ಅವ್ವಾ,

ಬಿತ್ತನೆಗೆ ಮುಂಚೆ ಮದಕರಿಪುರದ ಮನೆಯ ಪಡಸಾಲೆಯಲ್ಲಿ ಶೇಂಗಾ ಸುಲಿಯಲು ಕೂರುತ್ತಿದ್ದೆವಲ್ಲ, ನೆನಪಿದೆಯಾ? ಬೀಜ ಒಡೆಯಬಾರದೆಂದು ಒಂದೊಂದೇ ಕಾಯಿ ಕೈಯಲ್ಲೇ ಸುಲಿಯಬೇಕು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಉರಿಯುತ್ತಿತ್ತು. ನಿನಗೆ ಅಕ್ಷರ ಬಾರದು. ಆದರೂ "ಯಾರು ಕತೆ ಓದ್ತೀರೋ ಅವ್ರು ಸುಲಿಯಾದ್ ಬ್ಯಾಡ" ಎಂದು ಕಾನೂನು ಮಾಡಿದವಳು ನೀನೇ. ಬೆರಳು ಉಳಿಸಿಕೊಳ್ಳಲು ಪುಸ್ತಕ ಹಿಡಿದವಳು ನಾನು, ಆಮೇಲೆ ಬಿಡಲೇ ಇಲ್ಲ. ಓದಿದ್ದು ಅರ್ಥವಾಯಿತಾ ಎಂದು ನೀನು ಒಮ್ಮೆಯೂ ಕೇಳಲಿಲ್ಲ. "ಮುಂದೇನಾತು, ಓದು" ಅಷ್ಟೇ.

ನೀನು ನೋಡದ ಮೊಮ್ಮಗಳು ಸಿರಿಗೆ ಎಂಟು ತುಂಬಿದ ದಿನ ನಾನು ಮಾಡಿದ್ದೇನು ಗೊತ್ತಾ? ಪುಸ್ತಕಗಳ ಜೊತೆ ಇನ್ನೂರು ಪುಟದ ನೋಟ್‌ಬುಕ್ ಕೊಟ್ಟೆ. ಪ್ರತಿ ಪುಸ್ತಕಕ್ಕೂ ಸಾರಾಂಶ, ನೀತಿ, ಐದು ಹೊಸ ಪದ. ಹೊಳಲ್ಕೆರೆಯಲ್ಲಿ ಟೀಚರ್ ಆಗಿದ್ದೇನಲ್ಲ, ಶಾಲೆಯ ಚಟ ಮನೆಗೂ ಬಂತು. ನೋಟ್‌ಬುಕ್ ತುಂಬುತ್ತಾ ಹೋಯಿತು, ನಾನು ಕೆಂಪು ಇಂಕಿನಲ್ಲಿ 'ಗುಡ್' ಹಾಕಿದ್ದೇ ಹಾಕಿದ್ದು. ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡಿದ್ದೂ ಆಯಿತು. ದೀಪದ ಬುಡದಲ್ಲೇ ಕತ್ತಲೆ.

ಹೋದ ತಿಂಗಳು ದುರ್ಗದಿಂದ ಬಸ್ಸಿನಲ್ಲಿ ಬರುವಾಗ, ಅವಳು 'ಮುಗಿಸಿದ' ಒಂದು ಪುಸ್ತಕದ ಕತೆ ಹೇಳೆಂದೆ. ಕೆದಕಿ ಕೇಳಿದ ಮೇಲೆ ನಿಜ ಹೇಳಿದಳು. ಒಂದನ್ನೂ ಓದಿರಲಿಲ್ಲ ಅವ್ವಾ. ಹಿಂದಿನ ರಟ್ಟಿನ ಮೇಲೆ ಅಚ್ಚಾದ ನಾಲ್ಕು ಸಾಲು ನೋಡಿ ಸಾರಾಂಶ ಬರೆದಿದ್ದಳು, ನೀತಿ ತಾನೇ ಹೊಸೆದಿದ್ದಳು.

"ಬರಿಯಾದೇ ಸಾಕಾಗ್ತೈತಮ್ಮ. ಇನ್ನು ಓದಾದು ಬೇರೆನಾ?"

ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಅವಳ ಓದನ್ನು ನಾನೇ ಕೆಡಿಸಿಬಿಟ್ಟೆನಾ? ಇನ್ನು ಯಾವತ್ತಾದರೂ ತಾನಾಗಿ ಒಂದು ಪುಸ್ತಕ ಅವಳು...

ಮಾರನೇ ದಿನವೇ ನೋಟ್‌ಬುಕ್ ಅಟ್ಟಕ್ಕೆ ಹಾಕಿದೆ. ಪುಸ್ತಕಗಳನ್ನು ಅವಳ ಕೈಗೆ ಸಿಗುವ ಹಾಗೆ ಕಿಟಕಿಯಲ್ಲಿಟ್ಟು ಸುಮ್ಮನಾದೆ. ಸುಮ್ಮನಿರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮೂರು ವಾರ ಅವಳು ಮುಟ್ಟಲಿಲ್ಲ. ಧೂಳು ಒರೆಸುವ ನೆಪದಲ್ಲಿ ಯಾವ ಪುಸ್ತಕ ಜರುಗಿದೆಯೆಂದು ನೋಡಿದೆ. ಏನೂ ಕೇಳದೆ ಇರುವುದು ನಿನಗೆ ಹೇಗೆ ಸಾಧ್ಯವಾಗುತ್ತಿತ್ತು?

ಇವತ್ತು ಬೆಳಿಗ್ಗೆ ಎರಡು ಪುಸ್ತಕ ತೆಗೆದು, ನಾಲ್ಕು ಪುಟಕ್ಕೇ ಬೇಜಾರಾಗಿ ಎಸೆದಳು. ಮೂರನೆಯದನ್ನು ಹಿಡಿದು ಮಂಚದ ಮೇಲೆ ಬಿದ್ದುಕೊಂಡಿದ್ದಾಳೆ. ಊಟಕ್ಕೆ ಕರೆದರೆ "ತಡಿಯಮ್ಮ" ಅಂದಳು. ಈಗಷ್ಟೇ ಒಬ್ಬಳೇ ಜೋರಾಗಿ ನಕ್ಕಳು. ಯಾಕೆಂದು ಕೇಳಲು ಬಾಗಿಲವರೆಗೂ ಹೋದೆ. ವಾಪಸ್ ಬಂದು, ನಿನಗೆ ಈ ಕಾಗದ ಬರೆಯಲು ಕೂತೆ.